ಶೆಟ್ಟರ ಜಾಗದಲ್ಲಿ ಕೂತವನು

ಆ ಗೊಂಬೆಗೆ ಬಣ್ಣ ಹಚ್ಚಿದವಳು ನಾನು. ನನ್ನ ಅತ್ತೆಯಲ್ಲ.

ಇಷ್ಟನ್ನೇ ಬರೆದು ಕೆಳಗೆ ಸಹಿ ಹಾಕಿ ಕಳಿಸಿದ್ದರೂ ಸಾಕಿತ್ತೇನೋ. ಆದರೆ ನಮ್ಮ ಕನ್ನಡ ಸಂಘದ ಈ ದೀಪಾವಳಿ ಸಂಚಿಕೆ ಓದುವ ನಿಮ್ಮಲ್ಲಿ ಅನೇಕರು ಏಳು ವರ್ಷಗಳ ಹಿಂದಿನ ಆ ಶುಕ್ರವಾರ ಮಧ್ಯಾಹ್ನ ಮೆಟುಚೆನ್‌ನ ನಮ್ಮ ಮನೆಯ ಹಾಲಿನಲ್ಲಿ ಉಸಲಿ ತಟ್ಟೆ ಹಿಡಿದು ನಿಂತಿದ್ದಿರಿ. ಅವತ್ತು ಇಲ್ಲದವರಿಗೆ ಆಮೇಲೆ ನಾನೇ ಕಥೆ ಹೇಳಿದ್ದೇನೆ — ಪಾಟ್‌ಲಕ್‌ಗಳಲ್ಲಿ, ಪಿಕ್‌ನಿಕ್‌ಗಳಲ್ಲಿ, ಒಮ್ಮೆ ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಯ ಕ್ಯೂನಲ್ಲಿ ಕೂಡ. ನಮ್ಮತ್ತೆ ಎರಡು ಸಾವಿರ ವರ್ಷದ ಗ್ರೀಕ್ ಗೊಂಬೆಗೆ ಪೋಸ್ಟರ್ ಕಲರ್ ಬಳಿದ ಕಥೆ. ಕೈ ಬಾಯಿ ತಿರುಗಿಸಿ ಚೆನ್ನಾಗಿಯೇ ಹೇಳುತ್ತಿದ್ದೆ. ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಅತ್ತೆಯೂ ಅದೇ ಕೋಣೆಯಲ್ಲಿ, ಸೋಫಾದ ಮೂಲೆಯಲ್ಲಿ ಕೂತು ನಗುತ್ತಿದ್ದರು — ತಪ್ಪು ಮಾಡಿದವರು ನಗುವ ಹಾಗೆ, ತಲೆ ತಗ್ಗಿಸಿಕೊಂಡು. ನಿಮ್ಮೆದುರು ಹೇಳಿದ ಸುಳ್ಳನ್ನು ನಿಮ್ಮೆದುರೇ ವಾಪಸ್ ತೆಗೆದುಕೊಳ್ಳಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು. ನಮ್ಮ ಕಡೆ ದಸರಾ ಅಂದರೆ ಬನ್ನಿ ಕೊಡುವುದು, ಹಿರಿಯರ ಕಾಲು ಮುಟ್ಟುವುದು. ಗೊಂಬೆ ಕೂರಿಸುವ ಪದ್ಧತಿ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಅತ್ತೆ ಸಾವಿತ್ರಮ್ಮ ಮೈಸೂರಿನವರು. ಹಬ್ಬ ಹತ್ತಿರ ಬಂದಾಗ ಅವರ ಬೀದಿಯ ಹೆಂಗಸರೆಲ್ಲ ಬಣ್ಣ ಮಾಸಿದ ಗೊಂಬೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಇವರ ಹತ್ತಿರ ಬರುತ್ತಿದ್ದರಂತೆ. ಸೀರೆಗೆ, ಪಂಚೆಗೆ ಯಾರು ಬೇಕಾದರೂ ಬಣ್ಣ ಹಚ್ಚಬಹುದು. ಕಣ್ಣು ಮಾತ್ರ ಸಾವಿತ್ರಮ್ಮನೇ ಬರೆಯಬೇಕು. ಕಣ್ಣು ತಪ್ಪಿದರೆ ಗೊಂಬೆಯ ಮುಖವೇ ತಪ್ಪಿತು ಎನ್ನುತ್ತಿದ್ದರು. ಮಾವ ತೀರಿಕೊಂಡು, ಅತ್ತೆಗೆ ಗ್ರೀನ್ ಕಾರ್ಡ್ ಆಗಿ ಇಲ್ಲಿಗೆ ಬಂದಾಗ ಅವರ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಗೊಂಬೆಗಳೇ ಇದ್ದವು, ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಕೊಂಡು. ಎಲ್ಲರೂ ಕ್ಷೇಮವಾಗಿ ಬಂದಿಳಿದರು, ಶೆಟ್ಟರೊಬ್ಬರನ್ನು ಬಿಟ್ಟು. ಶೆಟ್ಟರು ದಾರಿಯಲ್ಲಿ ಪುಡಿಪುಡಿಯಾಗಿದ್ದರು.

ಗೊಂಬೆ ಕೂರಿಸದವರಿಗಾಗಿ ಹೇಳುತ್ತೇನೆ: ಕೆಳಗಿನ ಮೆಟ್ಟಿಲಿನಲ್ಲಿ ಡೊಳ್ಳುಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಅಕ್ಕಿ, ಬೇಳೆ, ಬೆಲ್ಲ ತುಂಬಿದ ಪುಟ್ಟ ಬಟ್ಟಲುಗಳು — ಈ ಅಂಗಡಿ ಇಲ್ಲದೆ ಗೊಂಬೆಯ ಸಾಲು ತುಂಬುವುದಿಲ್ಲ. ಅತ್ತೆ ಬಂದ ಮೊದಲನೆಯ ವರ್ಷ ಶೆಟ್ಟಮ್ಮ ಒಬ್ಬಳೇ ಕೂತಳು. ಅರಿಶಿನ ಕುಂಕುಮಕ್ಕೆ ಬಂದಿದ್ದ ಒಬ್ಬರು, “ಏನ್ರೀ, ಶೆಟ್ಟರು ಊರಿಗೆ ಹೋಗಿದಾರಾ?” ಅಂದರು. ಇನ್ನೊಬ್ಬರು, “ಹುಬ್ಬಳ್ಳಿ ಸೊಸೆ ಅಲ್ವಾ, ಇದೆಲ್ಲ ಹೇಗ್ ಗೊತ್ತಿರತ್ತೆ ಬಿಡಿ,” ಅಂದರು. ತಮಾಷೆಗೇ ಅಂದದ್ದು. ನಾನು ಮಾತ್ರ ಅದನ್ನು ಒಂದು ವರ್ಷವಿಡೀ ಮನಸ್ಸಿನಲ್ಲಿಟ್ಟುಕೊಂಡೆ.

ನಮ್ಮ ಪಕ್ಕದ ಮನೆಯಲ್ಲಿದ್ದವರು ವಾಲ್ಟರ್. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು ಬಾಸ್ಕಿಂಗ್ ರಿಡ್ಜ್‌ನಲ್ಲಿ. ಅತ್ತೆ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅವರಿಗೆ ಹಿಪ್ ಸರ್ಜರಿ ಆಯಿತು. ಅದರ ಹಿಂದಿನ ವಾರವಷ್ಟೇ ಅವರ ಬೇಸ್‌ಮೆಂಟಿಗೆ ನೀರು ನುಗ್ಗಿ, ರಿಪೇರಿಯವರು ಮನೆ ತುಂಬ ಓಡಾಡುತ್ತಿದ್ದರು. ಆಸ್ಪತ್ರೆಗೆ ಹೊರಡುವ ಮುನ್ನ ಒಂದು ರಟ್ಟಿನ ಪೆಟ್ಟಿಗೆ ತಂದು, ತಾವು ಬರುವ ತನಕ ನಿಮ್ಮ ಕ್ಲಾಸೆಟ್‌ನಲ್ಲಿಟ್ಟಿರಿ ಎಂದು ನನ್ನ ಕೈಗೆ ಕೊಟ್ಟರು. ತೆರೆದೂ ತೋರಿಸಿದರು.

ಗೇಣುದ್ದವೂ ಇಲ್ಲದ ಸುಟ್ಟ ಮಣ್ಣಿನ ಮನುಷ್ಯ. ಚೌಕದ ಕಟ್ಟೆಯ ಮೇಲೆ ಕಾಲಿಗೆ ಕಾಲು ಹೆಣೆದು ಕೂತಿದ್ದಾನೆ. ಬಟ್ಟೆ ತುಂಬಿ ಉಬ್ಬಿಸಿದಂಥ ಹೊಟ್ಟೆ, ಮೊಂಡು ಮೂಗು, ಒಂದು ಹುಬ್ಬು ಮೇಲೆ ಒಂದು ಕೆಳಗೆ, ಕಿವಿಯ ತನಕ ಹರಿದ ಬಾಯಿ. ಅದು ಮುಖವಲ್ಲ, ಮುಖವಾಡ. ಹಳೆಯ ಗ್ರೀಸ್‌ನಲ್ಲಿ ಹಾಸ್ಯ ನಾಟಕದ ನಟರು ಹೀಗೆ ಹೊಟ್ಟೆ ಕಟ್ಟಿಕೊಂಡು, ಮುಖವಾಡ ತೊಟ್ಟು ರಂಗಕ್ಕೆ ಬರುತ್ತಿದ್ದರಂತೆ; ಆ ನಟರ ಗೊಂಬೆಗಳನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು, ಬಣ್ಣ ಹಚ್ಚುತ್ತಿದ್ದರಂತೆ. ಇವನು ಗುಲಾಮನ ಪಾತ್ರದವನು. ಏನೋ ಕಿತಾಪತಿ ಮಾಡಿ, ಯಜಮಾನ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಾಗ ಓಡಿಹೋಗಿ ದೇವರ ಬಲಿಪೀಠದ ಮೇಲೆ ಕೂತುಬಿಟ್ಟಿದ್ದಾನೆ. ಅಲ್ಲಿ ಕೂತವನ ಮೈ ಮುಟ್ಟುವ ಹಾಗಿಲ್ಲ. ಆ ನಗು ಅದಕ್ಕೇ. ವಾಲ್ಟರ್ ಅವರಿಗೆ ಅದು ಸೋದರತ್ತೆಯಿಂದ ಬಂದದ್ದು. ಪ್ರತಿ ವರ್ಷ ಕ್ಲಾಸಿಗೆ ಒಯ್ದು ಮಕ್ಕಳ ಕೈಯಲ್ಲಿ ಕೊಡುತ್ತಿದ್ದರಂತೆ. ಕೆಳತುಟಿಯ ಮೇಲೆ, ಕಿವಿಯ ಮಡಿಕೆಯಲ್ಲಿ ಉಳಿದಿದ್ದ ಬಣ್ಣದ ಚೂರುಗಳನ್ನು ಬೆರಳು ತಾಗಿಸದೆ ತೋರಿಸಿ, ಇದು ಆ ಕಾಲದ್ದೇ ಬಣ್ಣ, ಅಂದರು.

ಎಲ್ಲವನ್ನೂ ಹೇಳಿದ್ದರು. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಅವರು ಹೇಳುತ್ತಿದ್ದಾಗ ನಾನು ನೋಡುತ್ತಿದ್ದದ್ದು ಆ ಹೊಟ್ಟೆಯನ್ನು. ಮತ್ತೆ ಆ ಬಲಿಪೀಠ — ನನ್ನ ಕಣ್ಣಿಗೆ ಅದು ಗಲ್ಲಾಪೆಟ್ಟಿಗೆಯಾಗಿ ಕಂಡಿತ್ತು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅವನನ್ನು ತಂದು ಶೆಟ್ಟಮ್ಮನ ಪಕ್ಕ ಇಟ್ಟು ನೋಡಿದೆ. ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಅತ್ತೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿ, “ಯಾರದ್ದೇ ಇದು?” ಅಂದರು.

“ಮೇಷ್ಟ್ರದ್ದು.”

“ಕೇಳಿದ್ದೀಯಾ ಅವರನ್ನ?”

“ಕೇಳಿದ್ದೀನಿ ಬಿಡಿ ಅತ್ತೆ.” ಮೊದಲನೆಯ ಸುಳ್ಳು ಇದು. ಇದು ಎಷ್ಟು ಸಲೀಸಾಗಿ ಬಂತೆಂದರೆ —

ಆ ವಾರವೆಲ್ಲ ಅತ್ತೆ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆದರೂ ಕೈ ಕಲ್ಲಿನ ಹಾಗೆ ನಿಂತಿರುತ್ತಿತ್ತು. ಕಣ್ಣಿಗಿಂತ ಕೈಗೇ ಚೆನ್ನಾಗಿ ಕಾಣುತ್ತದೆ ಅಂತ ಅವರೇ ನಗುತ್ತಿದ್ದರು. ನಾನು ಒಂದೊಂದಾಗಿ ಗೊಂಬೆ ಎತ್ತಿಕೊಡುತ್ತಿದ್ದೆ, ಒಣಗಿದ್ದನ್ನು ಎತ್ತಿಡುತ್ತಿದ್ದೆ. ಅಂಥ ಥಳಥಳಿಸುವ ಸಾಲಿನಲ್ಲಿ ನನ್ನ ಶೆಟ್ಟರೊಬ್ಬರು ಬೂದು ಬಳಿದುಕೊಂಡವರ ಹಾಗೆ ಕಾಣತೊಡಗಿದರು. ಮಾರನೆಯ ದಿನ ಜನ ಬರುವವರಿದ್ದರು. ಗುರುವಾರ ಮಧ್ಯಾಹ್ನ, ಅತ್ತೆ ಊಟ ಮಾಡಿ ಮಲಗಿದ್ದಾಗ, ಆಫೀಸಿನ ಎರಡು ಮೀಟಿಂಗುಗಳ ನಡುವೆ, ನಾನು ಅವನನ್ನು ಅಡುಗೆಮನೆಯ ಸಿಂಕಿಗೆ ಒಯ್ದೆ.

ಈಗ ಬರೆಯುವುದನ್ನು ಏಳು ವರ್ಷ ನಾನು ಯಾರಿಗೂ, ಗಂಡನಿಗೂ, ಹೇಳಿರಲಿಲ್ಲ. ಬಣ್ಣ ಹಚ್ಚುವ ಮೊದಲು ಅವನನ್ನು ತೊಳೆದೆ. ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್. ಉಜ್ಜಿದಾಗ ಮೊದಲು ಸುಣ್ಣದಂಥ ಬಿಳಿ ನೀರು ಇಳಿಯಿತು, ಆಮೇಲೆ ಒಂದು ಎಳೆಯಷ್ಟು ಗುಲಾಬಿ. ಅದು ಏನೆಂದು ನನಗೆ ಗೊತ್ತಾಯಿತು. ಕೈ ನಿಲ್ಲಿಸಬಹುದಿತ್ತು. ಇಷ್ಟು ಹೋಯಿತಲ್ಲ, ಪೂರ್ತಿ ಸ್ವಚ್ಛವಾದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ — ಹೀಗೆ ಅಂದುಕೊಂಡೆ. ಹೌದು, ಹೀಗೇ ಅಂದುಕೊಂಡೆ.

ಒಣಗಿಸಿ, ಅತ್ತೆಯ ಬಣ್ಣಗಳನ್ನೇ ತೆಗೆದುಕೊಂಡು, ಕೆಂಪಂಚಿನ ಪಂಚೆ ಬರೆದೆ, ಮೀಸೆ ಬರೆದೆ, ಹಣೆಗೊಂದು ನಾಮ ಎಳೆದೆ. ಕೊನೆಗೆ ಕಣ್ಣು. ಒಂದು ಕಣ್ಣು ಸೂರು ನೋಡಿತು, ಇನ್ನೊಂದು ಬೇಳೆಯ ಬಟ್ಟಲು ನೋಡಿತು. ಮೂರು ಗಂಟೆಯ ಮೀಟಿಂಗ್ ಶುರುವಾಗಿತ್ತು. ಹಾಗೇ ಒಯ್ದು ಮೆಟ್ಟಿಲ ಮೇಲೆ ಕೂರಿಸಿಬಿಟ್ಟೆ.

ಶುಕ್ರವಾರ ನೀವೆಲ್ಲ ಬಂದಿರಿ. “ಅಂತೂ ಶೆಟ್ಟರು ವಾಪಸ್ ಬಂದ್ರು!” ಎಂದು ಯಾರೋ ಅಂದರು. ಆ ಮಾತು ಕೇಳಿ ನನಗೆ ಆದ ಸಂತೋಷವನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ವಾಕರ್ ಊರಿಕೊಂಡು ವಾಲ್ಟರ್ ಬಂದರು. ರಿಹ್ಯಾಬ್‌ನಿಂದ ಎರಡು ದಿನ ಮೊದಲೇ ಬಿಟ್ಟಿದ್ದರು. ಮೇಷ್ಟ್ರು ಮನೆಗೆ ಬಂದಿದ್ದಾರೆ, ಕರಿ ಎಂದು ಅತ್ತೆಯೇ ನಮ್ಮ ಮಗಳನ್ನು ಕಳಿಸಿ ಕರೆಸಿದ್ದರು, ನನಗೆ ತಿಳಿದಿರಲಿಲ್ಲ. ಅವರು ಮೇಲಿನ ಮೆಟ್ಟಿಲಿನಿಂದ ಒಂದೊಂದನ್ನೇ ನೋಡುತ್ತ, ಮೆಚ್ಚುತ್ತ ಕೆಳಗೆ ಬಂದರು. ಕೆಳಗಿನ ಸಾಲಿಗೆ ಬಂದು ನಿಂತುಬಿಟ್ಟರು.

“ಹೂ ಡಿಡ್ ದಿಸ್?”

ದನಿ ಎತ್ತಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದಿರಿ.

“ಮೈ ಮದರ್-ಇನ್-ಲಾ,” ಅಂದೆ. “ಶಿ ಡಸಂಟ್ ಸೀ ವೆಲ್.”

ಆಮೇಲೆ ಅತ್ತೆಯ ಕಡೆ ತಿರುಗಿ, ಇನ್ನೊಂದು ಭಾಷೆಯಲ್ಲಿ, ಇನ್ನೂ ಮೆತ್ತಗಿನ ದನಿಯಲ್ಲಿ: “ಅತ್ತೆ, ಆ ಶೆಟ್ಟರಿಗೂ ನೀವೇ ಬಣ್ಣ ಹಚ್ಚಿದ್ರಲ್ಲಾ? ಅದು ಬಹಳ ಹಳೇದಂತೆ.”

ಅತ್ತೆ ನನ್ನನ್ನು ನೋಡಿದರು, ಗೊಂಬೆಯನ್ನು ನೋಡಿದರು. “ಹಚ್ಚಿದ್ನಾ...? ಹಚ್ಚಿದ್ನೇನೋ. ಅಷ್ಟೊಂದಿತ್ತಲ್ಲ,” ಅಂದರು. ಆಮೇಲೆ ವಾಲ್ಟರ್ ಅವರ ಮುಂದೆ ಹೋಗಿ ಎರಡೂ ಕೈ ಮುಗಿದರು.

ವಾಲ್ಟರ್ ವಾಕರ್ ಬಿಟ್ಟು ಆ ಮುಗಿದ ಕೈಗಳನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು. ಮಾಡಿದ ಕಾಲದಲ್ಲಿ ಇವನು ಹೀಗೇ ಬಣ್ಣಬಣ್ಣವಾಗಿ ಇದ್ದವನು, ನಿಮ್ಮ ಅತ್ತೆ ಆ ಕುಶಲಕರ್ಮಿಯ ಕೆಲಸವನ್ನೇ ಮಾಡಿದ್ದಾರೆ, ಹಳೆಯ ಬಣ್ಣ ಕೆಳಗೆ ಎಲ್ಲೂ ಹೋಗಿಲ್ಲ — ಇಷ್ಟನ್ನು ಅತ್ತೆಗೆ ಹೇಳು, ಎಂದು ನನಗೆ ಹೇಳಿದರು. ಹೇಳಿದೆ. ಹಬ್ಬ ಮುಗಿಯುವ ತನಕ ಅವನು ಇಲ್ಲೇ ಇರಲಿ ಅಂದರು. ಗೊಂಬೆಯನ್ನು ಒಯ್ದ ಮೇಲೂ ಬಣ್ಣ ತೆಗೆಸಲಿಲ್ಲ. ಮೇಲಿನದನ್ನು ತೆಗೆಯುವಾಗ ಕೆಳಗಿನದು ಹೋದೀತೆಂಬ ಭಯ ಅವರಿಗೆ. ಕೆಳಗೆ ಏನೂ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ.

ಜನ ಹೋದ ಮೇಲೆ ಸಂಜೆ ಅತ್ತೆ ಆ ಗೊಂಬೆಯನ್ನು ಕಣ್ಣಿನ ತೀರಾ ಹತ್ತಿರ ಹಿಡಿದು ನೋಡಿದರು. “ಕಣ್ಣು ಇಷ್ಟು ಕೆಟ್ಟದಾಗಿ ಬರೆದ್ನಾ ಗಿರಿಜಾ?” ಅಂದರು. ನಾನು ತಟ್ಟೆ ಜೋಡಿಸುತ್ತಿದ್ದೆ. ವಯಸ್ಸಾಯ್ತಲ್ಲ ಅತ್ತೆ, ಅಂದೆ.

ಅಲ್ಲಿಗೆ ಅವರು ಬ್ರಷ್ ಕೆಳಗಿಟ್ಟರು. ಮರುವರ್ಷ, ಅದರ ಮರುವರ್ಷ ಗೊಂಬೆಗಳು ಮಾಸಿದ ಮುಖದಲ್ಲೇ ಕೂತವು. ಪೊರೆಯ ಆಪರೇಷನ್ ಆಗಿ ಕಣ್ಣು ನಿಚ್ಚಳವಾದ ಮೇಲೂ, “ನನ್ನ ಕೈ ಬೇಡ,” ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಒಂದು ಸಾಮಾನು ಮುಟ್ಟುತ್ತಿರಲಿಲ್ಲ; ಅಂಗಡಿಯಲ್ಲಿ ಸೀರೆಯನ್ನು ಕೂಡ ಮುಟ್ಟಿ ನೋಡದೆ, ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಗುಲಾಮ ಓಡಿಹೋಗಿ ಬಲಿಪೀಠದ ಮೇಲೆ ಕೂತಿದ್ದ. ನಾನು ಅತ್ತೆಯ ವಯಸ್ಸಿನ ಮೇಲೆ ಕೂತಿದ್ದೆ.

ಹೇಳಲು ಕಷ್ಟವಾಗುವ ಇನ್ನೊಂದು ಮಾತಿದೆ. ಆ ಸುಳ್ಳಿನಿಂದ ನಮ್ಮ ಮನೆಗೆ ಬಂದದ್ದೆಲ್ಲ ಒಳ್ಳೆಯದೇ. ಮಾಡದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅತ್ತೆ ಪ್ರತಿ ಶುಕ್ರವಾರ ಮಾಡಿದ ತಿಂಡಿಯ ಮೊದಲ ತಟ್ಟೆ ಮೇಷ್ಟ್ರಿಗೆ ಕಳಿಸುತ್ತಿದ್ದರು. ಅವರು ತಟ್ಟೆ ತೊಳೆದು, ಅದರಲ್ಲಿ ತಮ್ಮ ಹಿತ್ತಲಿನ ಟೊಮೆಟೊವನ್ನೋ ಪುದೀನವನ್ನೋ ಇಟ್ಟು ತರುತ್ತಿದ್ದರು. ಇಬ್ಬರೂ ಪೋರ್ಚ್‌ನಲ್ಲಿ ಕೂತು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಗಂಟೆಗಟ್ಟಲೆ ಹರಟುತ್ತಿದ್ದರು. ನನ್ನ ಮಗಳಿಗೆ ಓದುವ ರುಚಿ ಹತ್ತಿಸಿದವರು ಅವರು. ಅತ್ತೆಯ ಕಣ್ಣಿನ ಆಪರೇಷನ್ ದಿನ ನಾನು ಆಫೀಸಿನಲ್ಲಿ, ನನ್ನ ಗಂಡ ಪ್ರಕಾಶ ಊರಲ್ಲೇ ಇಲ್ಲ. ಡ್ರೈವ್ ಮಾಡಿಕೊಂಡು ಕರೆದೊಯ್ದು, ಇಡೀ ದಿನ ವೇಟಿಂಗ್ ರೂಮಿನಲ್ಲಿ ಕಾದವರು ವಾಲ್ಟರ್. ಪರದೇಶದಲ್ಲಿ ನಮಗೊಬ್ಬರು ಹಿರಿಯರಿದ್ದರು ಎಂದು ಹೇಳಿಕೊಳ್ಳುವ ಹಾಗಾದದ್ದು ಅವರಿಂದ. ಇದನ್ನೆಲ್ಲ ನಾನು ತಿಂದು ತೃಪ್ತಿಪಟ್ಟೆ. ಅವರ ಬಗ್ಗೆ ನನಗಿರುವ ಕೃತಜ್ಞತೆ ನಿಜ. ಅದರ ಬುಡದಲ್ಲಿ ನನ್ನ ಸುಳ್ಳಿರುವುದೂ ನಿಜ.

ಈ ಆಗಸ್ಟ್‌ನಲ್ಲಿ ವಾಲ್ಟರ್ ಮನೆ ಮಾರಿ ಮಗಳ ಮನೆಗೆ ಹೊರಟರು. ಹಿಂದಿನ ದಿನ ಬೆಳಿಗ್ಗೆ ಅದೇ ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ನನ್ನ ಮಗಳಿಂದ ಕಲಿತುಕೊಂಡಿದ್ದರೆಂದು ಕಾಣುತ್ತದೆ — ಅತ್ತೆಯ ಮುಂದೆ ನಿಂತು, ತಡವರಿಸುತ್ತ, ಕನ್ನಡದಲ್ಲಿ, “ಅಮ್ಮ, ಇದು ನಿಮ್ಮದು,” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಹಳೆಯ ಬಣ್ಣ ಒಳಗೆ, ಇವರ ಬಣ್ಣ ಮೇಲೆ, ಎರಡೂ ಒಟ್ಟಿಗಿರಲಿ ಎಂದು ಹೇಳು, ಅಂದರು.

ಅತ್ತೆ ಗೊಂಬೆಯನ್ನು ಮುಟ್ಟಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ಬೇಡ, ಬೇಡ. ನನ್ನ ಕೈಗೆ ಕೊಡಬೇಡಿ ಅನ್ನು.”

ಆ ಕೈಗಳನ್ನು ನೋಡಿದೆ. ಆಗ —

“ಅತ್ತೆ, ಅದು ನಾನ ಮಾಡಿದ್ದರಿ,” ಅಂದೆ. ಮೈಸೂರು ಮಾತು ಬಾಯಿಗೆ ಬರಲೇ ಇಲ್ಲ. “ನೀವಲ್ಲರಿ. ನಾನ ಬಣ್ಣ ಹಚ್ಚಿದೆ. ಕಣ್ಣೂ ನಾನ ಬರದೆ. ಎಲ್ಲಾರ ಮುಂದ ನಿಮ್ಮ ಹೆಸರು ಹೇಳಿಬಿಟ್ಟೆ.” ಹಾಗೇ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವತ್ತು ಎರಡು ಭಾಷೆಯಲ್ಲೂ ಸುಳ್ಳು ಹೇಳಿದ್ದೆ. ಎರಡರಲ್ಲೂ ಬಿಡಿಸಿ ಹೇಳಬೇಕಾಗಿತ್ತು.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. “ಎಲ್ಲಾ ಹೇಳಿದ್ಯಾ, ಇನ್ನೂ ಇದ್ಯಾ?” ಅಂದರು.

ಇನ್ನೂ ಇತ್ತು. ಸಿಂಕಿನ ವಿಷಯ ಹೇಳಿದೆ. ಅತ್ತೆ, “ಅದನ್ನ ಅವರಿಗೆ ಹೇಳು,” ಅಂದರು. ಹೇಳಿದೆ.

ವಾಲ್ಟರ್ ಗೊಂಬೆಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಏಳು ವರ್ಷ ಅವರು ಒಳಗಿದೆ ಒಳಗಿದೆ ಎಂದು ನಂಬಿಕೊಂಡದ್ದು ಇಲ್ಲವಾದ ಗಳಿಗೆ ಅದು. ಬೈದಿದ್ದರೆ ತಲೆ ತಗ್ಗಿಸುತ್ತಿದ್ದೆ. ಅವರು ಕೇಳಿದ್ದು ಬೇರೆ: ಹಾಗಾದರೆ ಆ ಬಣ್ಣವನ್ನು ಕೊನೆಗೆ ನೋಡಿದವಳು ನೀನು, ಹೇಗಿತ್ತು, ಹೇಳು.

ಹೇಳಿದೆ. ಕೆಳತುಟಿಯ ಎಡ ತುದಿಯಲ್ಲಿ ಎಳೆ ಗುಲಾಬಿ, ದಾಳಿಂಬೆ ಕಾಳಿನ ಬುಡದ ಬಣ್ಣ. ಎಡಗಿವಿಯ ಮಡಿಕೆಯಲ್ಲಿ ಸ್ವಲ್ಪ ಕಂದುಗೆಂಪು. ಪೀಠದ ಹಿಂದೆ ಸುಣ್ಣದಂಥ ಬಿಳಿ, ಒದ್ದೆಯಾದಾಗ ಕೆನೆಯ ಹಾಗೆ. ಒಂದನ್ನೂ ಮರೆತಿರಲಿಲ್ಲ. ಅವರು ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತ ಹುಡುಗನ ಹಾಗೆ ಕೇಳಿಸಿಕೊಂಡರು. ಕೊನೆಗೆ ಥ್ಯಾಂಕ್ ಯೂ ಅಂದರು. ನನಗೆ! ಗೊಂಬೆಯನ್ನು ಅಲ್ಲೇ ಬಿಟ್ಟು, ಇದು ಅಮ್ಮನದೇ ಎಂದು ಇನ್ನೊಮ್ಮೆ ಹೇಳಿ ಹೋದರು. ಅಂಥ ಮನುಷ್ಯರ ಪಕ್ಕದ ಮನೆಯಲ್ಲಿ ಬದುಕುವ ಅದೃಷ್ಟ ನನ್ನದಾಗಿತ್ತು.

ಅತ್ತೆ ಪರವಾಗಿಲ್ಲ ಅನ್ನಲಿಲ್ಲ. ಅದಕ್ಕೂ ನಾನು ಅವರಿಗೆ ಋಣಿ. ಅಂದಿದ್ದರೆ ನಾನು ಅದನ್ನೂ ಒಂದು ಕಥೆ ಮಾಡಿಕೊಂಡು ನಿಮಗೆ ಹೇಳುತ್ತಿದ್ದೆನೋ ಏನೋ. ನಾಲ್ಕು ದಿನ ಬೇಕಾದಷ್ಟೇ ಮಾತಾಡಿದರು. ಐದನೆಯ ದಿನ ಕಾಫಿ ಲೋಟ ಕೈಗೆ ತೆಗೆದುಕೊಳ್ಳುತ್ತ, “ಸಂಚಿಕೆಗೆ ಬರಿ. ನಗಾಡಿದವರಿಗೆಲ್ಲ ತಿಳೀಲಿ,” ಅಂದರು. ಇದನ್ನು ಕಳಿಸುವ ಮೊದಲು ಅವರಿಗೆ ಪೂರ್ತಿ ಓದಿ ಹೇಳುತ್ತೇನೆ.

ಈ ದಸರೆಯಲ್ಲಿ ಶೆಟ್ಟಮ್ಮ ಮತ್ತೆ ಒಬ್ಬಳೇ ಅಂಗಡಿ ನೋಡಿಕೊಂಡಳು. ಗ್ರೀಸ್‌ನವನು ಅತ್ತೆಯ ಕೋಣೆಯ ಕಿಟಕಿಯಲ್ಲಿದ್ದಾನೆ, ನನ್ನ ಮೀಸೆ, ನನ್ನ ಸೊಟ್ಟ ಕಣ್ಣು ಹೊತ್ತುಕೊಂಡು. ಅಮಾವಾಸ್ಯೆಗೆ ಎರಡು ದಿನ ಮೊದಲು ಬೆಳಿಗ್ಗೆ ಅತ್ತೆ, “ಬ್ರಷ್ ಡಬ್ಬಿ ಎಲ್ಲಿಟ್ಟಿದೀಯ?” ಎಂದು ಕೇಳಿದರು. ತಂದುಕೊಟ್ಟೆ. ಪಟ್ಟದ ಗೊಂಬೆಗಳಾದ ರಾಜ-ರಾಣಿಯರಲ್ಲಿ ರಾಣಿಯನ್ನು ಎತ್ತಿ ಮುಂದೆ ಇಟ್ಟುಕೊಂಡರು. ನಾನು ಬಣ್ಣ ಕಲಸಲು ಹೋದೆ. “ನೀನು ಲೈಟ್ ಹಿಡ್ಕೊ. ಅಷ್ಟು ಸಾಕು,” ಅಂದರು.

ಫೋನಿನ ಟಾರ್ಚ್ ಹಿಡಿದು ನಿಂತೆ. ಅತ್ತೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಒಂದು ರೇಖೆ ಎಳೆದರು, ಒರೆಸಿದರು, ಮತ್ತೆ ಎಳೆದರು. ಒಂದು ಕಣ್ಣು ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ರೆಪ್ಪೆಯ ತುದಿ ಸ್ವಲ್ಪ ಅಲುಗಿತ್ತು. ಅತ್ತೆ ಗೊಂಬೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

“ಏಳು ವರ್ಷದ ಹಿಂದೆ ಆಗಿದ್ರೆ ನೆಟ್ಟಗೆ ಬರ್ತಿತ್ತು,” ಅಂದರು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಲೈಟ್ ಅಲ್ಲಾಡಿಸಬೇಡ. ನೆಟ್ಟಗೆ ಹಿಡಿ,” ಅಂದರು. ಇನ್ನೊಂದು ಕಣ್ಣು ಬಾಕಿ ಇತ್ತು.